ಸೊಟ್ಟಗೆ ಕೂತ ಗಿಟಾರಿನ ಕತ್ತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕೂತಲ್ಲಿ ಕೂರದವಳು ಎಂದರೆ ನಾನೊಬ್ಬಳೇ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನೂ ನನ್ನ ಜೊತೆ ಸೇರಿಕೊಂಡರು.

ನಾವಿದ್ದ ಶೆಟ್ಟಿಹಳ್ಳಿ ಆಗ ಇನ್ನೂ ಹಳ್ಳಿಯೇ. ಅಪ್ಪ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ, ಕಬ್ಬಿಣ ಎರಕ ಹೊಯ್ಯಲು ಬೇಕಾದ ಮರದ ಅಚ್ಚುಗಳನ್ನು ಮಾಡುತ್ತಿದ್ದರು. ಒಂದು ದಿನ ಆ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಯಾವಾಗ ತೆಗೆಯುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ಅಪ್ಪ ಬೆಳಗಾದರೆ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದರು. ಕಾಫಿಯನ್ನೂ ನಿಂತೇ ಕುಡಿಯುತ್ತಿದ್ದರು. ಅವರ ಹಿಂದೆಯೇ ನಾನೂ ಸುತ್ತುತ್ತಿದ್ದೆ.

ಅಕ್ಕ ಹೈಸ್ಕೂಲಿನಲ್ಲಿದ್ದಳು. ಅವಳ ಟೀಚರೊಬ್ಬರು ಶಾಲೆಗೆ ಗಿಟಾರ್ ತಂದು, ಊಟದ ಬಿಡುವಿನಲ್ಲಿ ಅವಳಿಗೂ ನುಡಿಸಲು ಕೊಡುತ್ತಿದ್ದರು. ಮನೆಗೆ ಬಂದ ಮೇಲೂ ಅಕ್ಕನ ಎಡಗೈ ಬೆರಳುಗಳು ಸೌಟಿನ ಹಿಡಿಯನ್ನೋ ಮೊರದ ಅಂಚನ್ನೋ ಒತ್ತುತ್ತಲೇ ಇರುತ್ತಿದ್ದವು. ಅದನ್ನು ನೋಡಿದ ಅಪ್ಪ, "ನಾನೇ ಮಾಡ್ಕೊಡ್ತೀನಿ ಬಿಡು," ಎಂದುಬಿಟ್ಟರು. ಶಾಲೆಗೆ ಹೋಗಿ, ಟೀಚರ ಗಿಟಾರನ್ನು ಕಂದು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡು ಬಂದರು. ತೆಳು ಹಲಗೆಗಳನ್ನು ನೀರಿನಲ್ಲಿ ನೆನೆಸಿ, ಬಗ್ಗಿಸಿ, ಅಂಟಿಸಿ ಒಡಲು ಮಾಡಿದರು. ಕತ್ತಿಗೆ ಹಳೆಯ ಕೊಟ್ಟಿಗೆ ಬಾಗಿಲಿನ ತೇಗದ ಚೌಕಟ್ಟು ಸಿಕ್ಕಿತು.

ಕತ್ತನ್ನು ಒಡಲಿಗೆ ಕೂಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಕನಕಾಂಬರದ ತೋಟಕ್ಕೆ ಹೂ ಬಿಡಿಸಲು ಹೋಗಿದ್ದರು. ಅಂಗಳದ ತುಂಬ ತೇಗದ ಸಿಪ್ಪೆ, ಅದರ ಒಗರು ವಾಸನೆ. ಕತ್ತಿನ ಹಿಂಭಾಗವನ್ನು ಅಪ್ಪ ಎಷ್ಟು ಉಜ್ಜಿದ್ದರೆಂದರೆ, ಮುಟ್ಟಿದರೆ ಹಸುವಿನ ಕೊಂಬು ಸವರಿದಂತೆ ಇತ್ತು. ಅದರ ಬುಡದಲ್ಲಿ ನಾಲಿಗೆಯಂಥ ತುಂಡೊಂದನ್ನು ಬಿಟ್ಟಿದ್ದರು. ಅದು ಒಡಲಿನ ಕಂಡಿಯೊಳಗೆ ಬಿಗಿಯಾಗಿ ಕೂರಬೇಕು. ಒಲೆಯ ಮೇಲೆ ಬಿಸಿನೀರಿನ ಪಾತ್ರೆ, ಅದರೊಳಗಿನ ಡಬ್ಬಿಯಲ್ಲಿ ಕರಗುತ್ತಿದ್ದ ಮರವಜ್ರದ ಅಂಟು. ಅದರ ನಾತಕ್ಕೆ ನಾನು ಮೂಗು ಮುಚ್ಚಿಕೊಂಡಿದ್ದೆ.

ಅಂಟು ಕರಗುವಷ್ಟರಲ್ಲಿ ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ಬೀದಿಯಲ್ಲಿ ಸೈಕಲ್ ನಿಲ್ಲಿಸಿ, "ಅಣ್ಣೋ, ಗೇಟ್ ಹತ್ರ ಮೀಟಿಂಗ್ ಐತಂತೆ, ಬಿರ್‍ನೆ ಬಾ!" ಎಂದು ಕೂಗಿದರು. ಅಪ್ಪನ ಕೈ ಒಮ್ಮೆಲೇ ಅವಸರಕ್ಕೆ ಬಿತ್ತು. ಅಂಟು ಬಳಿದರು, ಕತ್ತನ್ನು ಕಂಡಿಗೆ ತುರುಕಿದರು, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದರು. "ನಾನ್ ಬರೋಗಂಟ ಯಾರೂ ಮುಟ್ಬೇಡಿ," ಎಂದು ಹೇಳಿ ಅವರ ಸೈಕಲ್ ಹತ್ತಿ ಹೋಗಿಯೇಬಿಟ್ಟರು.

ನಾನು ಗಿಟಾರಿನ ಸುತ್ತ ಸುತ್ತಿದೆ. ಅಕ್ಕ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದಳು. ಇನ್ನೊಮ್ಮೆ ನೋಡಿದಳು.

"ಏ, ಇಲ್ ಬಾರೆ. ಈ ದಾರದ ತುದಿ ಹಿಡ್ಕೊ."

ಕತ್ತಿನ ತುದಿಯ ನಡುವಿನಿಂದ ಒಡಲಿನ ಕೆಳಗಿನವರೆಗೆ ಇಬ್ಬರೂ ದಾರ ಎಳೆದು ಹಿಡಿದೆವು. ಒಡಲಿನ ನಟ್ಟನಡುವೆ ಎರಡು ಹಲಗೆ ಕೂಡಿದ ಗೆರೆಯಿತ್ತು. ದಾರ ಅದರ ಮೇಲೇ ಕೂರಬೇಕು. ಕೂರಲಿಲ್ಲ. ಪಕ್ಕಕ್ಕೆ ಸರಿದಿತ್ತು.

"ಸೊಟ್ಟ ಐತೆ ಕಣೆ," ಎಂದಳು ಅಕ್ಕ.

"ಅಪ್ಪ ಬರ್ಲಿ ತಾಳು."

"ಅಪ್ಪ ಬರೋಷ್ಟ್ರಲ್ಲಿ ಒಣಗೋಗ್ತದೆ. ಆಮೇಲೆ ಕೀಳಕ್ಕೋದ್ರೆ ಮರ ಸೀಳೋಗ್ತದೆ."

"ಬೈಯಲ್ವಾ?"

"ಬೈದ್ರೆ ಬೈಲಿ."

ಅಕ್ಕ ಟ್ಯೂಬ್ ಬಿಚ್ಚಿದಳು. ಅಂಟು ಸಡಿಲವಾಗಲೆಂದು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕತ್ತಿನ ಬುಡಕ್ಕೆ ಒತ್ತಿ ಹಿಡಿದಳು. ಮೆಲ್ಲಗೆ ಅಲ್ಲಾಡಿಸಿದಳು. ಅದು ಬರಲಿಲ್ಲ. ಮತ್ತೆ ಬಿಸಿ ಬಟ್ಟೆ ಇಟ್ಟಳು. ಒಳಗೆಲ್ಲೋ ಚಿಟ್ ಎಂದು ಸದ್ದಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕತ್ತು ಅವಳ ಕೈಯಲ್ಲಿತ್ತು, ಎಲ್ಲೂ ಸೀಳಿರಲಿಲ್ಲ.

ಅಂಟನ್ನೆಲ್ಲ ಒರೆಸಿ ಕತ್ತನ್ನು ಮತ್ತೆ ಕಂಡಿಗೆ ಕೂರಿಸಿದಳು. ಅದರ ಬುಡಕ್ಕೂ ಒಡಲಿಗೂ ನಡುವೆ ಉಪ್ಪು ಕಾಗದದ ಚೂರು ತೂರಿಸಿ, ನನ್ನನ್ನು ಮೇಲಿನಿಂದ ಒತ್ತಲು ಹೇಳಿ, ಕಾಗದವನ್ನು ಎಳೆದಳು. ಕತ್ತು ವಾಲಿದ್ದಕ್ಕೆ ಎದುರಿನ ಪಕ್ಕದಲ್ಲಷ್ಟೇ ಮರ ಪುಡಿಪುಡಿಯಾಗಿ ಉದುರಿತು. ಎಳೆಯುವುದು, ದಾರ ಹಿಡಿದು ನೋಡುವುದು. ಮತ್ತೆ ಎಳೆಯುವುದು, ಮತ್ತೆ ನೋಡುವುದು. ನನ್ನ ಕಾಲು ಜೋಮು ಹಿಡಿಯಿತು. ಬೀದಿಯಲ್ಲಿ ಸೈಕಲ್ ಬೆಲ್ ಕೇಳಿದಾಗಲೆಲ್ಲ ಇಬ್ಬರೂ ಕೈ ನಿಲ್ಲಿಸಿ ಆ ಕಡೆ ನೋಡುತ್ತಿದ್ದೆವು. ಕೊನೆಗೆ ದಾರ ಗೆರೆಯ ಮೇಲೆ ಕೂತಿತು. ಅಕ್ಕ ಹೊಸದಾಗಿ ಅಂಟು ಬಳಿದು ಟ್ಯೂಬ್ ಸುತ್ತಿದಳು.

ಅಪ್ಪ ಸಂಜೆ ಬಂದರು. ಮುಖ ನೋಡಿದರೇ ಬೀಗ ತೆಗೆಯುವುದಿಲ್ಲವೆಂದು ತಿಳಿಯುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಅವರ ಕಣ್ಣು ಟ್ಯೂಬಿನ ಗಂಟಿನ ಮೇಲೆ ಬಿತ್ತು.

"ಯಾರು ಬಿಚ್ಚಿದ್ದು?"

"ನಾನೇ ಅಪ್ಪ," ಎಂದಳು ಅಕ್ಕ. "ಸೊಟ್ಟ ಇತ್ತು."

ಅಪ್ಪ ಬಾಯಿ ತೆರೆದರು. ಬೈಗುಳ ಬರುತ್ತದೆಂದು ನಾನು ಅಕ್ಕನ ಲಂಗ ಹಿಡಿದುಕೊಂಡೆ. ಆದರೆ ಅವರು ಗಿಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತಾವೇ ದಾರ ಎಳೆದು ನೋಡಿದರು.

"ಎಷ್ಟು ಸೊಟ್ಟ ಇತ್ತು?"

ಅಕ್ಕ ಹೆಬ್ಬೆರಳು, ತೋರುಬೆರಳುಗಳ ನಡುವೆ ಅಕ್ಕಿಕಾಳಿನಷ್ಟು ಜಾಗ ಬಿಟ್ಟು ತೋರಿಸಿದಳು.

"ನನ್ ಮನ್ಸು ಇಲ್ಲಿರ್ಲಿಲ್ಲ ಕಣಮ್ಮ," ಎಂದರು ಅಪ್ಪ. "ಆ ಗೇಟ್ ಹತ್ರಾನೇ ಇತ್ತು."

ಅವರು ಅಲ್ಲೇ, ತೇಗದ ಸಿಪ್ಪೆಯ ನಡುವೆ, ಗೋಡೆಗೆ ಒರಗಿ ಕಾಲು ಚಾಚಿದರು. ಅಮ್ಮ ಅಲ್ಲಿಗೇ ತಟ್ಟೆ ತಂದುಕೊಟ್ಟರು. ಅಪ್ಪ ಕೂತು ಉಂಡರು.

ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಅಪ್ಪ ಯಶವಂತಪುರದ ಒಂದು ಮರದಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಅಕ್ಕ ಆ ಗಿಟಾರನ್ನು ಬಹಳ ವರ್ಷ ನುಡಿಸಿದಳು. ಅದರ ದನಿ ಸ್ವಲ್ಪ ಮಂಕಾಗಿತ್ತು, ನಿಜ. ಆದರೆ ಶ್ರುತಿ ತಪ್ಪುತ್ತಿರಲಿಲ್ಲ.

ಮೊಮ್ಮಕ್ಕಳೇ, ಕೆಂಪಾಪುರದ ನಿಮ್ಮ ಫ್ಲಾಟಿನಲ್ಲೂ ಈಗ ಗಿಟಾರ್ ಇದೆ. ಫೋನಿನಲ್ಲಿ ಆರಿಸಿದಿರಿ, ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ನಮ್ಮದಕ್ಕಿಂತ ಅದರ ದನಿ ಚೆನ್ನ, ಒಪ್ಪುತ್ತೇನೆ. ಆದರೆ ನಿಮ್ಮ ಅಪ್ಪನ ಕೆಲಸವೆಲ್ಲ ಮುಚ್ಚಿದ ಬಾಗಿಲ ಹಿಂದೆ, ಲ್ಯಾಪ್‌ಟಾಪಿನೊಳಗೆ ನಡೆಯುತ್ತದೆ. ಅಲ್ಲಿ ಏನು ಕೆಟ್ಟಿತೆಂದು ನಿಮಗೆ ತಿಳಿಯುವುದಿಲ್ಲ. ಹೊರಗೆ ಬಂದಾಗ ಅವನ ಮುಖವಷ್ಟೇ ಕಾಣುತ್ತದೆ. ನಮ್ಮ ಅಪ್ಪನ ಕೆಲಸ ಅಂಗಳದಲ್ಲಿತ್ತು. ಅವರ ತಪ್ಪೂ ಅಲ್ಲೇ ಇತ್ತು, ನಮ್ಮ ಕೈಗೆ ಎಟುಕುವ ಹಾಗೆ.