ಮೆಣಸಿನಕಾಯಿಯ ಘಾಟು

ಮುರ್ಡೇಶ್ವರಕ್ಕೆ ಸ್ಕೂಬಾ ಡೈವಿಂಗಿಗೆ ಹೊರಡಬೇಕೆನ್ನುವಾಗಲೇ ನನಗೆ ನೆಗಡಿ ಹಿಡಿಯಿತು. ಮೂಗು ಕಟ್ಟಿದ್ದರೆ ಕಿವಿಗೆ ಅಪಾಯ, ನೀರಿಗಿಳಿಸುವುದಿಲ್ಲ ಎಂದು ತರಬೇತುದಾರ ಫೋನಿನಲ್ಲೇ ಹೇಳಿಬಿಟ್ಟ. ನನ್ನಿಂದಲೇ ನೆಗಡಿ ಅಂಟಿಸಿಕೊಂಡಿದ್ದ ಅವ್ವನಿಗೆ ಮಾತ್ರ ಇದು ಪಕ್ಕದ ಮನೆಯಾಕೆಯ ಕೆಟ್ಟ ನೆದರು ಎಂದೇ ಗುಮಾನಿ. ನಾನು ಸಮುದ್ರಕ್ಕೆ ಇಳಿಯುವ ಸುದ್ದಿ ಕೇಳಿ ಆಕೆ ಹುಬ್ಬೇರಿಸಿದ್ದಳಂತೆ.

ಅವ್ವ ಒಣಮೆಣಸಿನಕಾಯಿ ನಿವಾಳಿಸಿ ಗ್ಯಾಸಿನ ಉರಿಗೆ ಹಿಡಿದಳು. ನೆದರು ತಾಗಿದ್ದರೆ ಘಾಟು ಬರುವುದಿಲ್ಲವೆಂಬುದು ನಮ್ಮ ಹುಮನಾಬಾದಿನವರ ನಂಬಿಕೆ.

“ಘಾಟು ಬಂತೇನು?”

“ಇಲ್ಲ.”

“ನನಗೂ ಬರವಲ್ದು. ನೋಡಿದೇನು?”

ಇಬ್ಬರ ಮೂಗೂ ಕಟ್ಟಿದೆಯಲ್ಲ ಎಂದು ನಾನು ರೇಗುವಷ್ಟರಲ್ಲಿ ಪಕ್ಕದ ಮನೆಯಾಕೆ ಸೆರಗನ್ನು ಮೂಗಿಗೊತ್ತಿಕೊಂಡು ಕೆಮ್ಮುತ್ತ ಬಾಗಿಲಿಗೆ ಬಂದಳು.

“ಅಕ್ಕಾ, ಏನ್ ಸುಡಾಕತ್ತೀರಿ?”

ಅವ್ವ ನನ್ನ ಕೈ ಚಿವುಟಿ ಪಿಸುಗುಟ್ಟಿದಳು: “ಘಾಟು ಆಕಿಗಷ್ಟೇ ಬಡದದ. ನೆದರು ಆಕೀದೇ!”