ಅತ್ತೆ ವಾಪಸ್ ಕೊಟ್ಟ ಸೀಡಿ

ಮೊನ್ನೆ ಬಿಟಿಎಂ ಲೇಔಟಿನ ಹಳೇ ಪುಸ್ತಕದಂಗಡಿಯಲ್ಲಿ ಯಾರೋ ಸೀಡಿ ಡಬ್ಬಿ ತೆರೆದರು. ಪ್ಲಾಸ್ಟಿಕ್ಕಿನ ಆ 'ಟಕ್' ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ, ಕೈಯಲ್ಲಿದ್ದ ಪುಸ್ತಕ ಮರೆತು ನಿಂತುಬಿಟ್ಟೆ. ನಿಮ್ಮ ಮನೆಯಲ್ಲೂ ಟೀವಿ ಪಕ್ಕ ಅಂಥ ಡಬ್ಬಿಗಳ ಸಾಲು ಇದ್ದಿದ್ದರೆ ನಿಮಗೆ ಗೊತ್ತಾಗುತ್ತದೆ. ಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಆ ಸಾಲನ್ನು ಬೆಳೆಸಿದವರು ಶಾರದತ್ತೆ, ಅಪ್ಪನ ಅಕ್ಕ. ಸ್ಕೂಲಿನಲ್ಲಿ ಸಂಗೀತ ಹೇಳಿಕೊಡುತ್ತಿದ್ದವರು. ನಾನು ಕೈಕೂಸಾಗಿದ್ದಾಗ ಅವರಿಗೆ ಗಂಟಲಿನ ಆಪರೇಷನ್ ಆಗಿ, ಮಾತು ಉಳಿದು ಹಾಡು ಹೋಗಿತ್ತು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ನನ್ನನ್ನು ಕರೆದುಕೊಂಡು ರಫೀಕಣ್ಣನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗುತ್ತಿದ್ದರು. ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಯಾವ ಸೀಡಿ ತೆಗೆದರೂ ಒಂದೇ ರೇಟು. ಅತ್ತೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು, ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ಗೀರು ಬಿದ್ದಿದೆಯೇ ಎಂದು ನೋಡುತ್ತಿದ್ದರು. "ಮೇಲಿನ ಫೋಟೋ ನೋಡ್ಬೇಡ. ಹಿಂದೆ ಸಣ್ಣಕ್ಷರದಲ್ಲಿ ಮೃದಂಗ ಯಾರು ಅಂತ ಓದು" ಎನ್ನುತ್ತಿದ್ದರು. ಹಾಗೆ ಓದುತ್ತಿದ್ದಾಗಲೇ ಒಂದು ದಿನ, ದೇವರನಾಮಗಳ ಸೀಡಿಯೊಂದರ ಹಿಂದೆ, ಸಹಗಾಯನದ ಆರು ಹೆಸರುಗಳ ಕೊನೆಯಲ್ಲಿ ಅತ್ತೆಯ ಹೆಸರು ನನ್ನ ಕಣ್ಣಿಗೆ ಬಿತ್ತು. ತೋರಿಸಿದೆ. ಅತ್ತೆ ಬಹಳ ಹೊತ್ತು ಅದನ್ನೇ ನೋಡಿದರು. "ನನ್ ಹತ್ರ ಇದ್ದಿದ್ದನ್ನ ಯಾರೋ ಇಸ್ಕೊಂಡು ಹೋದೋರು ಕೊಡ್ಲೇ ಇಲ್ಲ" ಎಂದರು. ಮನೆಗೆ ಬಂದು ಹಾಕಿದೆವು. ಐದನೆಯ ಹಾಡಿನ ನಡುವೆ ಉಳಿದ ದನಿಗಳೆಲ್ಲ ನಿಂತು, ಒಂದೇ ದನಿ ಎರಡು ಸಾಲು ಹಾಡಿತು. ಅವರೆಕಾಯಿ ಬಿಡಿಸುತ್ತಿದ್ದ ಅಪ್ಪನ ಕೈ ನಿಂತಿತು. "ಅಕ್ಕ, ನೀನೇ ಅಲ್ವಾ ಇದು?" ಅತ್ತೆ, "ಶ್ರುತಿ ಒಂಚೂರು ಮೇಲೆ ಹೋಗಿದೆ" ಎಂದಷ್ಟೇ ಹೇಳಿ ಹಾಲು ಕಾಯಿಸಲು ಎದ್ದರು.

ಆಮೇಲೆ ಅದನ್ನು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಬೇಸಿಗೆ ರಜೆಯಲ್ಲಿ ಒಂದು ದಿನ ಅತ್ತೆ ಅದನ್ನು ಒಯ್ದು ರಫೀಕಣ್ಣನ ಪೆಟ್ಟಿಗೆಗೇ ಹಾಕಿದರು. "ಬೇಡ ಟೀಚರ್, ನಿಮ್ದೇ ವಾಯ್ಸು, ಇಟ್ಕೊಳ್ಳಿ" ಎಂದು ರಫೀಕಣ್ಣ ಹೇಳಿದರೂ ಕೇಳಲಿಲ್ಲ. "ನಮ್ಮನೇಲಿ ಎಲ್ರಿಗೂ ಬಾಯಿಪಾಠ ಆಯ್ತು. ಗುರುತಿಲ್ಲದೋರು ಯಾರಾದ್ರೂ ಕೇಳ್ಲಿ" ಎಂದರು. ಮುಂದಿನ ಶನಿವಾರ ಹೋದಾಗ ಅದು ಪೆಟ್ಟಿಗೆಯಲ್ಲಿರಲಿಲ್ಲ. ಮನೆಯ ದಾರಿಯುದ್ದಕ್ಕೂ ಅತ್ತೆಯ ಮುಖ ಅರಳಿತ್ತು. ನಾನು ಸಿಟ್ಟಿನಲ್ಲಿ ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಈಗ ಅತ್ತೆ ಇಲ್ಲ. ಆ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ರಫೀಕಣ್ಣನ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಕವರುಗಳು ತೂಗುತ್ತವೆ. ಸೀಡಿ ಹಾಕಿ ಕೇಳಲು ನನ್ನ ಮನೆಯಲ್ಲಿ ಪ್ಲೇಯರ್ ಕೂಡ ಇಲ್ಲ. ಆದರೂ ವಿಲ್ಸನ್ ಗಾರ್ಡನ್ನಿನಲ್ಲೋ ಬನಶಂಕರಿಯಲ್ಲೋ ಅಂಥ ಪೆಟ್ಟಿಗೆ ಕಂಡರೆ ಬಗ್ಗಿ ಹುಡುಕುತ್ತೇನೆ. ಸಿಕ್ಕಿಲ್ಲ. ಅಂದು ಮಾತು ಬಿಟ್ಟದ್ದಕ್ಕೆ ನಾನು ತಪ್ಪಾಯ್ತು ಎಂದು ಯಾವತ್ತೂ ಹೇಳಲಿಲ್ಲ, ಅತ್ತೆಯೂ ಆ ಮಾತೆತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಚಣಿಗೆ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತು, "ಬಾರೇ, ಜಡೆ ಹಾಕ್ತೀನಿ" ಎಂದು ಕರೆದರು. ಹೋಗಿ ಅವರ ಮೊಣಕಾಲಿಗೆ ಬೆನ್ನು ಕೊಟ್ಟು ಕೂತೆ.