ಮಸ್ಕಿಗೆ ಹೊರಟ ನಕಲು

ಮುದುಕಮ್ಮ ಎಂದ ಕೂಡಲೇ ಹಲ್ಲಿಲ್ಲದ ಅಜ್ಜಿಯನ್ನು ನೆನೆಸಿಕೊಳ್ಳಬೇಡಿ. ಅದು ಮನೆದೇವರ ಹೆಸರು. ನಾನು ಹೇಳುತ್ತಿರುವ ಮುದುಕಮ್ಮನಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮಸ್ಕಿಯ ಬೀಜದ ಸೊಸೈಟಿಯಲ್ಲಿ ಕಿಟಕಿಯ ಹಿಂದೆ ಕೂತು ಕಂಪ್ಯೂಟರ್ ಒತ್ತುವುದು ಅವಳ ಕೆಲಸ. ಅವಳಿಗೆ ಬಾಯಿಗಿಂತ ಕೈ ಮುಂದು. ಸಾಲು ಮುರಿದು ನುಗ್ಗಿದ ಒಬ್ಬ ಮರಿ ಪುಢಾರಿಯ ಕಪಾಳಕ್ಕೆ ಕಿಟಕಿಯೊಳಗಿಂದಲೇ ಬಾರಿಸಿ, ಬಾರಿಸಿದ ಕೈಯಿಂದಲೇ ಅವನ ಚೀಟಿ ಇಸಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲಿಂಗಸುಗೂರಿನ ಶಾಖೆಯಲ್ಲಿದ್ದ ನಾನು ಆಗಾಗ ಮಸ್ಕಿಗೆ ಹೋಗುತ್ತಿದ್ದೆ. ಅವಳೆದುರು ನಾವೆಲ್ಲ ಬಾಲ ಮುದುರಿಕೊಂಡೇ ಇರುತ್ತಿದ್ದೆವು.

ಗಂಡ ಬಸ್ಸಪ್ಪ ಇದಕ್ಕೆ ತದ್ವಿರುದ್ಧ. ಯಾರಾದರೂ ಅವನ ಕಾಲು ತುಳಿದರೆ ಅವನೇ ಕ್ಷಮೆ ಕೇಳುವ ಪೈಕಿ. ಸಿಂಧನೂರಿನ ಮುಖ್ಯ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ. ಮೂರೂ ಊರಿನ ಗೋದಾಮುಗಳ ಲೆಕ್ಕ, ಯಾವ ಚೀಲ ಎಲ್ಲಿಂದ ಬಂತು, ಯಾರ ಹೊಲಕ್ಕೆ ಹೋಯಿತು ಎಂಬುದೆಲ್ಲ ಆ ದೊಡ್ಡ ಪೆಟ್ಟಿಗೆಯಲ್ಲಿ. ಕರೆಂಟು ಹೋದಾಗಲೆಲ್ಲ ಅದು ಕೆಡುತ್ತಿತ್ತು, ಬಸ್ಸಪ್ಪ ಓಡಬೇಕಿತ್ತು. ಹೀಗಾಗಿ ಮದುವೆಯಾಗಿ ವರ್ಷಗಳೇ ಕಳೆದರೂ ಗಂಡ ಸಿಂಧನೂರಿನಲ್ಲಿ, ಹೆಂಡತಿ ಮಸ್ಕಿಯಲ್ಲಿ. "ನನಗೊಬ್ಬಾಕಿ ಸವತಿ ಅದಾಳ್ರಿ, ತಗಡಿನಾಕಿ," ಎನ್ನುತ್ತಿದ್ದಳು ಮುದುಕಮ್ಮ. ನಾವು ನಗುತ್ತಿದ್ದೆವು, ಅವಳು ನಗುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಮುಖ್ಯ ಕಚೇರಿಯನ್ನು ಮಸ್ಕಿಗೆ ಸಾಗಿಸುವುದೆಂದು ಸೊಸೈಟಿ ತೀರ್ಮಾನಿಸಿತು. ಅಲ್ಲಿಗೆ ಹೊಸ ಸರ್ವರ್. ಸರ್ವರ್ ಹೋದಲ್ಲಿಗೆ ಬಸ್ಸಪ್ಪ. ಮುದುಕಮ್ಮ ಬಸ್ ಸ್ಟ್ಯಾಂಡಿನ ಹಿಂದೆ ಮನೆ ಹಿಡಿದು, ತಾನೇ ಸುಣ್ಣ ಬಳಿದು, ದೊಡ್ಡದೊಂದು ಮಂಚ ತರಿಸಿದಳು. ಅವಳಿಗೆ ಬೇಕಾಗಿದ್ದುದು ಅಷ್ಟೇ: ಗಂಡ ಮತ್ತು ತಾನು ಒಂದು ಸೂರಿನಡಿ ಇರುವುದು.

ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಸ ಡಿಸ್ಕಿಗೆ ಇಳಿಸುವ ಒಂದು ಸಾಫ್ಟ್‌ವೇರನ್ನು ಬಸ್ಸಪ್ಪ ಹೈದರಾಬಾದಿನಿಂದ ಫ್ಲಾಪಿಯಲ್ಲಿ ತಂದಿದ್ದ. ಎರಡೂ ಡಿಸ್ಕುಗಳನ್ನು ಒಂದೇ ಪೆಟ್ಟಿಗೆಗೆ ಜೋಡಿಸಬೇಕು. ಯಾವುದರಿಂದ ಯಾವುದಕ್ಕೆ ಎಂದು ಅದು ಕೇಳುತ್ತದೆ. ಹಿಂದುಮುಂದಾದರೆ ಖಾಲಿ ಡಿಸ್ಕು ತುಂಬಿದ್ದರ ಮೇಲೆ ಕೂತು, ಇದ್ದಬದ್ದದ್ದೆಲ್ಲ ನಿರ್ನಾಮ. ಎಡವಟ್ಟಾಗಬಾರದೆಂದು ಬಸ್ಸಪ್ಪ ಹಳೆಯದಕ್ಕೆ 'ಅಸಲು' ಎಂದೂ ಹೊಸದಕ್ಕೆ 'ನಕಲು' ಎಂದೂ ಚೀಟಿ ಅಂಟಿಸಿದ. ನಿಜಾಮನ ಕಾಲದಿಂದಲೂ ನಮ್ಮ ಕಡೆಯ ಕಚೇರಿಗಳಲ್ಲಿ ಪ್ರತಿಗೆ ನಕಲು ಎಂದೇ ಹೆಸರು. ಪಹಣಿಯ ನಕಲು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಕೊಂಬು ಹೋಗಿ ಗುಡಿಸು ಬಂದರೆ ಅದೇ ನಕಲಿ, ಅಂದರೆ ಖೊಟ್ಟಿ. ಹಿಂದಿನ ವರ್ಷ ಯಾರೋ ಮಾರಿದ ನಕಲಿ ಹತ್ತಿಬೀಜದಿಂದ ಆಳೆತ್ತರದ ಗಿಡ ಬಂದು ಒಂದು ಕಾಯೂ ಕಟ್ಟಿರಲಿಲ್ಲ. ಮಸ್ಕಿಯ ದ್ಯಾವಪ್ಪ ಆಗ ಹೊಲದ ಗಿಡವನ್ನೆಲ್ಲ ಕಿತ್ತೆಸೆದು, ಬೀಜ ಮಾರಿದವನನ್ನು ಕೊಡಲಿ ಹಿಡಿದು ಬೆನ್ನಟ್ಟಿದ್ದ. ಬೀಜದ ಸಾಲಿನಲ್ಲಿ ಆ ಮಾತು ಬೆಂಕಿ.

ನಕಲು ಕೂರಿಸಿದ ಹೊಸ ಪೆಟ್ಟಿಗೆ ಮೊದಲು ಮೊಂಡು ಹಿಡಿದು, ಕೊನೆಗೆ ಎದ್ದಿತು. ಅಸಲನ್ನು ಜೋಪಾನವಾಗಿ ಸಿಂಧನೂರಿನಲ್ಲೇ ಇಟ್ಟು, ನಕಲನ್ನು ಮಸ್ಕಿಗೆ ಒಯ್ಯುವುದೆಂದಾಯಿತು. ದಾರಿಯ ಕುಲುಕಾಟಕ್ಕೆ ಪೆಟ್ಟಾಗದಿರಲೆಂದು ಬಸ್ಸಪ್ಪ ಪೆಟ್ಟಿಗೆಯ ಸುತ್ತ ಸೊಸೈಟಿಯ ಬೀಜದ ಚೀಲಗಳನ್ನೇ ಸುತ್ತಿದ. ಹೊರಡುವ ಮುನ್ನ ಹೆಂಡತಿಗೆ ಫೋನು ಮಾಡಿದ.

ಮುಂಗಾರಿನ ಹೊತ್ತು. ಮಸ್ಕಿಯ ಕಿಟಕಿಯೆದುರು ಜನ ಇರುವೆಯಂತೆ ಮುತ್ತಿದ್ದರು. ಆಗಲೇ ಒಬ್ಬನ ಅಂಗಿ ಹರಿದು, ಇನ್ನೊಬ್ಬನ ತುಟಿ ಒಡೆದಿತ್ತು. ಲೈನು ಕೆಟ್ಟದಾದ್ದರಿಂದ ಕೇಳಿದ್ದನ್ನು ಕೂಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು ನಮ್ಮ ಕಚೇರಿಗಳ ರೂಢಿ. ಮುದುಕಮ್ಮ ಗಂಟಲು ಹರಿಯುವಂತೆ ಕೂಗಿದಳು: "ಏನಂದ್ರಿ? ನಕಲು ಹೊಂಟೈತೇನ್ರಿ? ಅಸಲು ಸಿಂಧನೂರಾಗ ಇಟ್ಟೀರಾ? ನಮಗ ನಕಲು ಬರಾಕತ್ತೈತಿ! ಛಲೋ ಆತು, ಲಗೂನ ಬರ್ರಿ!" ಕೂಗಿ, ನಕ್ಕಳು. ಗಂಡ ಮನೆಗೆ ಬರುತ್ತಿದ್ದಾನೆ, ನಗದೆ ಏನು ಮಾಡಿಯಾಳು? ಹೊಸ ಪೆಟ್ಟಿಗೆ ಇಡುವ ಮೇಜು ಒರೆಸಲು ಒಳಕೋಣೆಗೆ ಹೋದಳು.

ಸಾಲಿನ ಮುಂದೆಯೇ ದ್ಯಾವಪ್ಪ ನಿಂತಿದ್ದ. "ಕೇಳಿದ್ರೇನ್ಲೇ? ಅಸಲ ಬೀಜ ಸಿಂಧನೂರಾಗ ಇಟಗೊಂಡಾರಂತ, ನಮಗ ನಕಲಿ ಕಳಸ್ಯಾರಂತ! ನಗಾಕತ್ತಾಳ ನೋಡ್ರಿ!"

ಜೀಪು ಬಂತು. ಹಿಂದಿನ ಸೀಟಿನಲ್ಲಿ ಬೀಜದ ಚೀಲಗಳು, ಅವನ್ನು ತಬ್ಬಿ ಕೂತ ಬಸ್ಸಪ್ಪ. ಅಷ್ಟು ಸಾಕಾಯಿತು. ಅವನನ್ನು ಕಾಲು ಹಿಡಿದು ಕೆಳಗೆಳೆದರು. ಪೆಟ್ಟಿಗೆ ಅವನ ಜೊತೆಗೇ ಉರುಳಿತು, ಅವನು ಅದರ ಮೇಲೆ ಬೋರಲಾಗಿ ಬಿದ್ದು ಅಪ್ಪಿಕೊಂಡ. "ನಕಲು ಅಂದ್ರ ನಕಲಿ ಅಲ್ರೋ ಯಪ್ಪಾ, ಬಿಚ್ಚಿ ನೋಡ್ರಿ!" ಎಂದು ಅರಚಿದನಂತೆ. ಯಾರು ಕೇಳಬೇಕು? ಒದೆತ ಪಕ್ಕೆಗೆ ಬಿತ್ತು, ಬಾಯಿಗೆ ಬಿತ್ತು. ಚೀಲ ಹರಿದು ತಗಡು ಕಂಡಾಗಲಾದರೂ ನಿಲ್ಲಿಸಬಹುದಿತ್ತಲ್ಲ! ಬೀಜ ಎಲ್ಲಿ ಬಚ್ಚಿಟ್ಟೀರಿ ಎಂದು ಇನ್ನಷ್ಟು ಹೊಡೆದರು. ಇವರಿಗೆ ನ್ಯಾಯ ಬೇಕಿರಲಿಲ್ಲ, ಕೈಗೆ ಸಿಕ್ಕ ಒಂದು ಮೈ ಬೇಕಿತ್ತು. ಹಾಗೆಂದೇ ನಾನು ಹೇಳುವುದು, ಯಾರಿಗೆ ಸಿಟ್ಟು ಬಂದರೂ ಬರಲಿ.

ಗದ್ದಲಕ್ಕೆ ಹೊರಬಂದ ಮುದುಕಮ್ಮನ ಕೈಯಲ್ಲಿ ತಕ್ಕಡಿಯ ಕಬ್ಬಿಣದ ತೂಕದ ಕಲ್ಲಿತ್ತು. ಅಡ್ಡ ಬಂದವನ ಮೊಣಕೈ ಮುರಿದಳು. ಇನ್ನೊಬ್ಬನ ಹಲ್ಲು ಉದುರಿಸಿದಳು. "ಬಿಡ್ರಿ ಅದನ್ನ! ಎದ್ದು ಓಡ್ರಿ!" ಎಂದು ಗಂಡನಿಗೆ ಕೂಗಿದಳು. ಅವನು ಬಿಡಲಿಲ್ಲ. ಅದು ಹೋದರೆ ಮಸ್ಕಿಯ ಮನೆಯೇ ಹೋದಂತೆ ಎಂದು ಅವನ ಲೆಕ್ಕವಿದ್ದೀತು. ಅವಳು ತಲುಪುವಷ್ಟರಲ್ಲಿ ದ್ಯಾವಪ್ಪ ಕಾಂಪೌಂಡಿನ ಬಂಡೆಗಲ್ಲನ್ನು ಎರಡೂ ಕೈಯಿಂದ ಎತ್ತಿ ಅವನ ತಲೆಯ ಮೇಲೆ ಹಾಕಿದ್ದ. ಅವಳು ದ್ಯಾವಪ್ಪನ ಹೆಗಲಿಗೆ ಅಪ್ಪಳಿಸಿದಳು, ಎಲುಬು ಮುರಿದ ಸದ್ದು ಡ್ರೈವರ್ ಮಹಮ್ಮದಸಾಬನಿಗೂ ಕೇಳಿತಂತೆ. ಆಗ ಜನ ಚದುರಿದರು.

ಮಹಮ್ಮದಸಾಬ ಜೀಪನ್ನು ಲಿಂಗಸುಗೂರಿನ ದವಾಖಾನೆಗೆ ಓಡಿಸಿದ. ಸುದ್ದಿ ತಿಳಿದು ನಾನು ಹೋದಾಗ ಡಾಕ್ಟರು ಕೈ ತೊಳೆಯುತ್ತಿದ್ದರು. ಬಸ್ಸಪ್ಪನ ಮುಖಕ್ಕೆ ಬಟ್ಟೆ ಹೊದಿಸಿಯಾಗಿತ್ತು. ಮುದುಕಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು, ಮೊಣಕೈವರೆಗೆ ರಕ್ತ. ಅಳುತ್ತಿರಲಿಲ್ಲ. ನನಗೇ ಅಳು ತಡೆಯಲಾಗಲಿಲ್ಲ.

ಸಂಜೆಗೆ ಸಿಂಧನೂರಿನಿಂದ ಸೊಸೈಟಿಯ ಸೆಕ್ರೆಟರಿ ನರಸಣ್ಣ ಬಂದರು. ಕೆಟ್ಟ ಮನುಷ್ಯರೇನಲ್ಲ, ಸಾವಿನ ಎದುರು ಏನು ಹೇಳಬೇಕೆಂದು ಗೊತ್ತಿಲ್ಲದವರು. ಅವಳೆದುರು ಬಗ್ಗಿ, ಸಮಾಧಾನದ ದನಿಯಲ್ಲಿ ಅಂದರು: "ಪೆಟ್ಟಿಗಿ ಒಡದೈತಿ ಅಂತ ಮನಸ್ಸಿಗೆ ಹಚಗೋಬ್ಯಾಡವಾ. ಏನೂ ಹೋಗಿಲ್ಲ. ಅಸಲು ನಮ್ಮ ಹತ್ರ ಐತಿ, ಇನ್ನೊಂದು ನಕಲು ತಗದ್ರ ಆತು."

ಮುದುಕಮ್ಮ ಎದ್ದು ಅವರ ಕೊರಳಪಟ್ಟಿ ಹಿಡಿದಳು. ಗೋಡೆಗೆ ಒಮ್ಮೆ ಬಡಿದಳು, ಮತ್ತೊಮ್ಮೆ ಬಡಿದಳು. ಅವರ ಕನ್ನಡಕ ಬಿದ್ದು ಒಡೆಯಿತು. ಆಮೇಲೆ ಅದೇ ಹಿಡಿತದಲ್ಲಿ ಅವರನ್ನು ಮಂಚದ ಹತ್ತಿರ ಎಳೆದೊಯ್ದು, ಗಂಡನ ಮುಖದ ಮೇಲಿನ ಬಟ್ಟೆ ಸರಿಸಿದಳು.

"ಇದರದು ಕೊಡ್ರಿ," ಅಂದಳು. "ಇದರದೊಂದು ನಕಲು ತಗದು ಕೊಡ್ರಿ ನನಗ."

ಬಿಡಿಸಲು ಹೋದ ನಾವೆಲ್ಲ ಅಲ್ಲೇ ನಿಂತೆವು.